ಪಾಪರ್ ಅರ್ಜಿ: ಹಾಕುವ ಮುಂಚೆಯೇ ಕೆಡಿಸಿಕೊಳ್ಳಬೇಡಿ

ಮಾನ್ಯ ಸಂಪಾದಕರೇ,

ಅಡಿಕೆಗೆ ಎಲೆಚುಕ್ಕೆ ರೋಗ ಹಬ್ಬಿ, ಅದರ ಹಿಂದೆಯೇ ಸಾಲದ ಕಂತುಗಳು ತಪ್ಪತೊಡಗಿದ ಮೇಲೆ ಮಲೆನಾಡಿನಲ್ಲಿ ‘ಪಾಪರ್ ಅರ್ಜಿ ಹಾಕಿಬಿಡು, ಸಾಲವೆಲ್ಲ ಅಲ್ಲಿಗೆ ಮುಗೀತು’ ಎಂಬ ಸಲಹೆ ಬಾಯಿಂದ ಬಾಯಿಗೆ ಹೋಗುತ್ತಿದೆ. ಪಾಪರ್ ಅರ್ಜಿ ಎಂದರೆ ಸಾಲ ತೀರಿಸಲಾಗದು, ನನ್ನನ್ನು ದಿವಾಳಿ ಎಂದು ಘೋಷಿಸಿ ಎಂದು ನ್ಯಾಯಾಲಯವನ್ನು ಕೇಳುವ ಅರ್ಜಿ. ಸಲಹೆ ಕೊಡುವವರು ಅರ್ಜಿ ಹಾಕುವ ದಿನದ ಬಗ್ಗೆ ಮಾತ್ರ ಹೇಳುತ್ತಾರೆ. ಆದರೆ ಅರ್ಜಿ ನಿಲ್ಲುತ್ತದೋ ಬೀಳುತ್ತದೋ ಎನ್ನುವುದು ಅದಕ್ಕೆ ಎರಡು ವರ್ಷ ಮುಂಚಿನಿಂದ ಸಾಲಗಾರ ಏನೇನು ಮಾಡಿದ, ದಿವಾಳಿ ಘೋಷಣೆಯಾದ ಮೇಲೆ ಏನು ಮಾಡಲು ಮರೆತ ಎಂಬುದರ ಮೇಲಿದೆ. ಇದು ಜನರಿಗೆ ಮೊದಲೇ ಗೊತ್ತಿರಲಿ ಎಂದು ಈ ಪತ್ರ.

ಯಾವ ಕಾಯ್ದೆ ಅನ್ವಯಿಸುತ್ತದೆ ಎನ್ನುವಲ್ಲಿಂದಲೇ ಗೊಂದಲ ಶುರು. 2016ರ ದಿವಾಳಿ ಸಂಹಿತೆಯ ಹೆಸರನ್ನು ಎಲ್ಲರೂ ಕೇಳಿದ್ದಾರೆ. ಅದರಲ್ಲಿ ವ್ಯಕ್ತಿಗಳ ಸಾಲಕ್ಕೆ ಸಂಬಂಧಿಸಿದ ಮೂರನೇ ಭಾಗ 2019ರ ಡಿಸೆಂಬರ್ 1ರಂದು ಜಾರಿಗೆ ಬಂದದ್ದು ಕಂಪನಿಯ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರಿಗೆ ಮಾತ್ರ. ಅಕ್ಕಿ ಗಿರಣಿಯನ್ನು ಪ್ರೈವೇಟ್ ಲಿಮಿಟೆಡ್ ಮಾಡಿಕೊಂಡು ಬ್ಯಾಂಕಿಗೆ ಸ್ವಂತ ಜಾಮೀನು ಬರೆದುಕೊಟ್ಟವರು ಆ ದಾರಿಯಲ್ಲಿ ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿಗೆ ಹೋಗಬಹುದು. ತೋಟದವರು, ಕಿರಾಣಿ ಅಂಗಡಿಯವರು, ಸಂಬಳದಾರರು, ಒಬ್ಬರದೇ ಹೆಸರಿನಲ್ಲಿ ಅಥವಾ ಪಾಲುದಾರಿಕೆಯಲ್ಲಿ ವ್ಯಾಪಾರ ಮಾಡುವವರು ಹೋಗಲಾಗದು. ಅವರಿಗೆ ಈಗಲೂ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ಗತಿ. ಸಂಹಿತೆಯಲ್ಲಿ 35,000 ರೂಪಾಯಿ ಒಳಗಿನ ಸಾಲ ಮತ್ತು ವರ್ಷಕ್ಕೆ 60,000 ರೂಪಾಯಿ ಒಳಗಿನ ಆದಾಯ ಇರುವ ಬಡವರಿಗೆ ಒಂದು ಸರಳ ಸಾಲಮುಕ್ತಿ ಕ್ರಮ ಬರೆದಿದ್ದಾರೆ. ಅದು ಪುಸ್ತಕದಲ್ಲಿದೆ, ಜಾರಿಗೆ ಬಂದಿಲ್ಲ. ಅದರ ಹೆಸರು ಹೇಳಿ ‘ಫೈಲ್ ಮಾಡಿಸಿಕೊಡುತ್ತೇವೆ’ ಎಂದು ಫೋನಿನಲ್ಲಿ ಶುಲ್ಕ ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಕೈಸಾಲಗಾರರಿಗೆ ನೆರವಾದ ರಾಜ್ಯದ ಋಣ ಪರಿಹಾರ ಕಾಯ್ದೆಯೂ ಹಾಗೆಯೇ. 2019ರಲ್ಲಿ ಅರ್ಜಿಗೆ 90 ದಿನ ಕೊಟ್ಟಿದ್ದರು, ಆ ಬಾಗಿಲು ಎಂದೋ ಮುಚ್ಚಿದೆ.

1920ರ ಕಾಯ್ದೆಯ ಅರ್ಜಿ ಹೋಗುವುದು ಜಿಲ್ಲಾ ನ್ಯಾಯಾಲಯಕ್ಕೆ, ಅಥವಾ ಸರ್ಕಾರ ಅಧಿಸೂಚನೆಯಿಂದ ಈ ಅಧಿಕಾರ ಕೊಟ್ಟಿರುವ ಅಧೀನ ನ್ಯಾಯಾಲಯಕ್ಕೆ. ಸಾಲ ಎಲ್ಲಿ ತೆಗೆದದ್ದು ಎನ್ನುವುದು ಮುಖ್ಯವಲ್ಲ, ಸಾಲಗಾರ ಸಾಮಾನ್ಯವಾಗಿ ವಾಸವಿರುವ ಅಥವಾ ದುಡಿಯುವ ಜಾಗ ಮುಖ್ಯ. ಸಾಲ ತೀರಿಸಲು ಆಗುತ್ತಿಲ್ಲ ಎನ್ನುವುದರ ಜೊತೆಗೆ, ಸಾಲದ ಮೊತ್ತ 500 ರೂಪಾಯಿ ಮುಟ್ಟಿರಬೇಕು, ಇಲ್ಲವೇ ಹಣದ ಡಿಕ್ರಿಯ (ಹಣ ಕೊಡಬೇಕೆಂಬ ನ್ಯಾಯಾಲಯದ ತೀರ್ಪಿನ) ಮೇಲೆ ಬಂಧನವೋ ಜಪ್ತಿಯೋ ಆಗಿರಬೇಕು ಎನ್ನುತ್ತದೆ 10ನೇ ಕಲಂ. 500 ರೂಪಾಯಿ ಎಂಬುದು 1920ರ ಲೆಕ್ಕ, ಇಂದು ಯಾರೂ ಆ ಮಿತಿಯಲ್ಲಿ ಎಡವುವುದಿಲ್ಲ. ಎಡವುವುದು ‘ತೀರಿಸಲು ಆಗುತ್ತಿಲ್ಲ’ ಎಂಬಲ್ಲಿ. ಮೂರು ಎಕರೆ ಫಸಲಿನ ತೋಟ ಇಟ್ಟುಕೊಂಡು ಎಂಟು ಲಕ್ಷದ ಸಾಲಕ್ಕೆ ದಿವಾಳಿ ಎಂದರೆ ನ್ಯಾಯಾಲಯ ಒಪ್ಪುವುದಿಲ್ಲ. ಒಪ್ಪಿದರೂ ಆ ತೋಟ ಉಳಿಯುವುದಿಲ್ಲ.

ಈ ಕೊನೆಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಾಲ ಹೋಗುತ್ತದೆ, ತೋಟ ಉಳಿಯುತ್ತದೆ ಎಂದು ನಂಬಿದವರು ಬಹಳ. ದಿವಾಳಿ ಘೋಷಣೆಯಾದ ಕ್ಷಣದಿಂದ ಸಾಲಗಾರನ ಆಸ್ತಿಯೆಲ್ಲ ನ್ಯಾಯಾಲಯದ ಅಥವಾ ಆಸ್ತಿಯನ್ನು ನೋಡಿಕೊಂಡು ಸಾಲ ಕೊಟ್ಟವರಿಗೆ ಹಂಚಲು ಅದು ನೇಮಿಸಿದ ರಿಸೀವರ್ ವಶಕ್ಕೆ ಹೋಗುತ್ತದೆ. ಘೋಷಣೆಯ ಪರಿಣಾಮ ಅರ್ಜಿ ಸಲ್ಲಿಸಿದ ದಿನದಿಂದಲೇ ಲೆಕ್ಕ. ಋಣಮುಕ್ತಿ ಆದೇಶ (ಘೋಷಣೆಯ ನಂತರ ಸಾಲದಿಂದ ಬಿಡಿಸುವ ಬೇರೆಯೇ ಆದೇಶ) ಆಗುವವರೆಗೆ ಹೊಸದಾಗಿ ಬರುವ ಆಸ್ತಿಯೂ, ಉದಾಹರಣೆಗೆ ತಂದೆ ತೀರಿಕೊಂಡು ಬಂದ ಪಾಲು, ಅಲ್ಲಿಗೇ ಸೇರುತ್ತದೆ. ಹೊರಗುಳಿಯುವುದು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಲ್ಲಿ ಜಪ್ತಿಗೆ ಸಿಗದ ವಸ್ತುಗಳು ಮಾತ್ರ: ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಧರ್ಮದ ರೂಢಿಯಂತೆ ಹೆಂಗಸರು ಮೈಮೇಲಿಂದ ತೆಗೆಯದ ಒಡವೆ, ಕಸುಬುದಾರರ ಉಪಕರಣ, ಕೃಷಿಕನ ಬದುಕಿಗೆ ಬೇಕಾದ ಸಲಕರಣೆ, ದನ, ಬಿತ್ತನೆ ಬೀಜ, ಅವನು ವಾಸಿಸುವ ಮನೆ, ಭವಿಷ್ಯನಿಧಿ, ಜೀವವಿಮೆಯ ಹಣ. ಕೃಷಿಕನ ಜಮೀನು ಈ ಪಟ್ಟಿಯಲ್ಲಿ ಇಲ್ಲ. ಮನೆಗೆ ರಕ್ಷಣೆ ಸಿಗಬೇಕಾದರೂ ಅವನು ಸ್ವತಃ ಸಾಗುವಳಿ ಮಾಡಿ ಮುಖ್ಯವಾಗಿ ಅದರಿಂದಲೇ ಬದುಕುವವನಾಗಿರಬೇಕು. ಊರಿನಲ್ಲಿ ಮನೆ ಇದ್ದು ಶಿವಮೊಗ್ಗದಲ್ಲಿ ನೌಕರಿ ಮಾಡುವವರಿಗೆ ಈ ರಕ್ಷಣೆ ಸಿಗುವುದು ಕಷ್ಟ. ಬ್ಯಾಂಕಿಗೆ ಅಡಮಾನ ಮಾಡಿದ ಮನೆಗಂತೂ ಸಿಗುವುದೇ ಇಲ್ಲ, ಏಕೆಂದರೆ ಅಡಮಾನ ಹಿಡಿದವರ ಹಕ್ಕಿಗೆ ಈ ಕಾಯ್ದೆ ಕೈಹಚ್ಚುವುದಿಲ್ಲ. ಜಮೀನು ಉಳಿಸಿಕೊಳ್ಳುವ ಆಸೆ ಇದ್ದವರು ಮೊದಲು ಬ್ಯಾಂಕಿನ ಒಂದು ಬಾರಿಯ ತೀರುವಳಿ, ಲೋಕ ಅದಾಲತ್, ಸಹಕಾರ ಸಂಘದಲ್ಲಿ ಕಂತು ಮರುಹೊಂದಾಣಿಕೆ ಇವನ್ನೆಲ್ಲ ನೋಡಬೇಕು. ತೀರುವಳಿ ಮೊತ್ತವನ್ನು ಬಾಯಿಮಾತಿನ ಮೇಲೆ ಕಟ್ಟಬಾರದು. ಮೊತ್ತ, ಕೊನೆಯ ದಿನಾಂಕ, ‘ಉಳಿದ ಬಾಕಿ ಮನ್ನಾ’ ಎಂಬ ಮಾತು, ಮೂರೂ ಬ್ಯಾಂಕಿನ ಪತ್ರದಲ್ಲಿ ಇರಬೇಕು.

ಇನ್ನು ಅರ್ಜಿಯನ್ನು ಎಲ್ಲಕ್ಕಿಂತ ಹೆಚ್ಚು ಕೆಡಿಸುವುದು ದಾನಪತ್ರ. ಕುಟುಂಬದೊಳಗಿನ ದಾನಕ್ಕೆ ಮುದ್ರಾಂಕ ಶುಲ್ಕ ಕಡಿಮೆ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಬೇಗ ಮುಗಿಯುವ ಕೆಲಸ. ದಾವೆಯ ಸಮನ್ಸ್ ಬಂದಕೂಡಲೇ ತೋಟವನ್ನು ಹೆಂಡತಿಗೋ ಮಗನಿಗೋ ಬರೆದುಬಿಡುತ್ತಾರೆ. ಇಲ್ಲವೇ ಹಕ್ಕು ಬಿಡುಗಡೆ ಪತ್ರ ಮಾಡಿ ತನ್ನ ಪಾಲನ್ನು ಅಣ್ಣನ ಹೆಸರಿಗೆ ಬಿಡುತ್ತಾರೆ. ಹಾಗೆ ವರ್ಗಾಯಿಸಿದ ಎರಡು ವರ್ಷದೊಳಗೆ ದಿವಾಳಿ ಅರ್ಜಿ ಬಿದ್ದು ಘೋಷಣೆಯಾದರೆ, 53ನೇ ಕಲಮಿನ ಪ್ರಕಾರ ರಿಸೀವರ್ ಅದನ್ನು ರದ್ದು ಮಾಡಿಸಬಹುದು. ವಿವಾಹವನ್ನೇ ಪ್ರತಿಫಲವಾಗಿಟ್ಟು ಮದುವೆಗೆ ಮುಂಚೆ ಬರೆದುಕೊಟ್ಟದ್ದು, ಪ್ರಾಮಾಣಿಕವಾಗಿ ಸರಿಯಾದ ಹಣ ಕೊಟ್ಟವನಿಗೆ ಮಾರಿದ್ದು ಅಥವಾ ಅಡವಿಟ್ಟದ್ದು, ಇವೆರಡೇ ಅದರಿಂದ ಹೊರಗೆ. ಎರಡು ವರ್ಷ ಕಾದು ಹಾಕುತ್ತೇವೆ ಎನ್ನುವವರಿಗೂ ಬಿಡುಗಡೆ ಇಲ್ಲ. ಸಾಲ ಕೊಟ್ಟವರನ್ನು ವಂಚಿಸುವ ಉದ್ದೇಶದ ವರ್ಗಾವಣೆಯನ್ನು ಸ್ವತ್ತು ವರ್ಗಾವಣೆ ಕಾಯ್ದೆಯ ಅಡಿಯಲ್ಲೂ ಪ್ರಶ್ನಿಸಬಹುದು. ಜೊತೆಗೆ ಅಂಥ ವರ್ಗಾವಣೆಯೇ ಒಂದು ದಿವಾಳಿ ಕೃತ್ಯ, ಅದು ನಡೆದ ಮೂರು ತಿಂಗಳೊಳಗೆ ಸಾಲ ಕೊಟ್ಟವರೇ ಇವರ ವಿರುದ್ಧ ದಿವಾಳಿ ಅರ್ಜಿ ಹಾಕಬಹುದು. ದಾನಪತ್ರ ಬಚ್ಚಿಡುವ ಮಾತಂತೂ ಇಲ್ಲವೇ ಇಲ್ಲ. ಎದುರು ಪಕ್ಷದ ವಕೀಲರು ಮೊದಲು ತೆಗೆಸುವುದೇ ಋಣಭಾರ ಪತ್ರ ಮತ್ತು ಹಳೆಯ ಪಹಣಿ.

ಎರಡನೆಯದು, ಬೇಕಾದವರಿಗೆ ಮೊದಲು ಕೊಡುವುದು. ಸುಗ್ಗಿ ಮುಗಿದು ಮಂಡಿಯಿಂದ ದುಡ್ಡು ಬಂತು ಎನ್ನಿ. ಬ್ಯಾಂಕು, ಫೈನಾನ್ಸಿನ ಸಾಲಗಳು ಹೇಗೂ ದಿವಾಳಿಯಲ್ಲಿ ಹೋಗುತ್ತವೆ, ಭಾವನ ಕೈಸಾಲ ಮುಗಿಸಿಬಿಡೋಣ ಎಂದು ಕೊಟ್ಟು, ಮುಂದಿನ ತಿಂಗಳು ಅರ್ಜಿ ಹಾಕುತ್ತಾರೆ. ಅರ್ಜಿಗೆ ಹಿಂದಿನ ಮೂರು ತಿಂಗಳೊಳಗೆ ಒಬ್ಬರಿಗೆ ಅನುಕೂಲ ಮಾಡುವ ಉದ್ದೇಶದಿಂದ ಕೊಟ್ಟ ಹಣ 54ನೇ ಕಲಮಿನ ಪ್ರಕಾರ ಊರ್ಜಿತವಲ್ಲ. ರಿಸೀವರ್ ಅದನ್ನು ಭಾವನಿಂದ ವಾಪಸ್ ಪಡೆಯಬಹುದು. ಸಾಲವೂ ತೀರಲಿಲ್ಲ, ನೆಂಟಸ್ತಿಕೆಯೂ ಕೆಟ್ಟಿತು. ಮುಂದೆ ಋಣಮುಕ್ತಿ ಕೇಳುವಾಗಲೂ ಇದೇ ಅಡ್ಡ ಬರುತ್ತದೆ. ಇದಕ್ಕೆ ತದ್ವಿರುದ್ಧದ ತಪ್ಪೂ ಇದೆ: ಪಟ್ಟಿ ದೊಡ್ಡದಾಗಲಿ ಎಂದು ಕೊಡದ ಸಾಲವನ್ನು ನೆಂಟರ ಹೆಸರಿನಲ್ಲಿ ಬರೆಯುವುದು. ಹಣ ಯಾವ ದಿನ, ಎಲ್ಲಿಂದ ಬಂತು, ಯಾವ ಖಾತೆಗೆ ಬಿತ್ತು ಎಂಬ ಪಾಟೀಸವಾಲಿನ ಮೂರನೇ ಪ್ರಶ್ನೆಗೇ ಅದು ಮುರಿದುಬೀಳುತ್ತದೆ.

ಅರ್ಜಿಯ ಜೀವ ಇರುವುದು ಅದರ ಪಟ್ಟಿಗಳಲ್ಲಿ. 13ನೇ ಕಲಂ ಕೇಳುವುದು ಯಾರ್ಯಾರಿಗೆ ಎಷ್ಟೆಷ್ಟು ಕೊಡಬೇಕು, ಅವರ ಹೆಸರು ಮತ್ತು ವಾಸಸ್ಥಳ, ತನ್ನ ಆಸ್ತಿ ಏನು, ಎಲ್ಲಿದೆ, ಬೆಲೆ ಎಷ್ಟು, ಹಿಂದೆ ಎಂದಾದರೂ ಇಂಥ ಅರ್ಜಿ ಹಾಕಿದ್ದುಂಟೆ ಎಂಬ ವಿವರ. ‘ಸಂಘದ ಸಾಲ, ಸುಮಾರು ಒಂದು ಲಕ್ಷ’ ಎಂದು ಬರೆದರೆ ಆ ಸಾಲು ಯಾರಿಗೂ ಪ್ರಯೋಜನವಿಲ್ಲ, ನೋಟಿಸನ್ನೂ ಕಳಿಸಲಾಗದು. ಸಂಘದ ಪೂರ್ತಿ ಹೆಸರು, ಗ್ರಾಮ, ಸಾಲದ ಖಾತೆ ಸಂಖ್ಯೆ, ತೆಗೆದ ದಿನಾಂಕ, ಅಸಲು ಎಷ್ಟು, ಅರ್ಜಿಯ ದಿನಕ್ಕೆ ಬಡ್ಡಿ ಎಷ್ಟು, ಈಡು ಏನು, ಜಾಮೀನುದಾರರು ಯಾರು, ದಾವೆ ಅಥವಾ ಸಹಕಾರ ಕಾಯ್ದೆಯ 70ನೇ ಕಲಮಿನ ತೀರ್ಪು ಆಗಿದ್ದರೆ ಅದರ ಸಂಖ್ಯೆ, ಇಷ್ಟೂ ಒಂದು ಸಾಲಿನಲ್ಲಿ ಇರಬೇಕು. ಒಂದು ಹೆಸರು ಬಿಟ್ಟುಹೋದರೆ ಏನಾಗುತ್ತದೆ ಎಂದು ಕೇಳುವವರಿದ್ದಾರೆ. ಬಂಧನದಿಂದ ರಕ್ಷಣೆ ಕೊಡುವ 31ನೇ ಕಲಮಿನ ಆದೇಶ ಅನ್ವಯಿಸುವುದು ನ್ಯಾಯಾಲಯದ ಅನುಸೂಚಿಗೆ (ಅದು ಸಿದ್ಧಪಡಿಸುವ ಸಾಲದ ಪಟ್ಟಿಗೆ) ಸೇರಿದ ಸಾಲಗಳಿಗೆ ಮಾತ್ರ. ಪಟ್ಟಿಯಿಂದ ಹೊರಗುಳಿದವನು ತನ್ನ ಡಿಕ್ರಿ ಹಿಡಿದು ಬರಬಹುದು. ಬೇಕೆಂದೇ ಬಿಟ್ಟದ್ದು ಎಂದು ಸಾಬೀತಾದರೆ 69ನೇ ಕಲಮಿನಲ್ಲಿ ಒಂದು ವರ್ಷದವರೆಗೆ ಸೆರೆವಾಸ ಇದೆ.

ಸಾಲಗಳನ್ನು ನೆನಪಿನಿಂದ ಬರೆಯಬಾರದು. ದೇಶದಲ್ಲಿ ನಾಲ್ಕು ಕ್ರೆಡಿಟ್ ಮಾಹಿತಿ ಸಂಸ್ಥೆಗಳಿವೆ: ಸಿಬಿಲ್, ಎಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಕ್ರಿಫ್ ಹೈಮಾರ್ಕ್. ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ನಾಲ್ಕನ್ನೂ ತೆಗೆಸಿ. ಮೈಕ್ರೋಫೈನಾನ್ಸ್ ಸಾಲ ಒಂದರಲ್ಲಿ ಕಾಣದಿದ್ದರೆ ಇನ್ನೊಂದರಲ್ಲಿ ಕಾಣಬಹುದು. ಮೊಬೈಲ್ ಆ್ಯಪ್‌ನಿಂದ ತೆಗೆದ ಸಾಲಕ್ಕೆ ಆ್ಯಪ್‌ನ ಹೆಸರು ಬರೆದರೆ ಸಾಲದು, ಅದರ ಹಿಂದೆ ಹಣ ಕೊಟ್ಟ ಬ್ಯಾಂಕು ಅಥವಾ ಫೈನಾನ್ಸ್ ಕಂಪನಿಯ ಹೆಸರು ಸಾಲದ ಒಪ್ಪಂದದಲ್ಲಿದೆ, ಅದನ್ನು ಬರೆಯಬೇಕು. ವರದಿಯಲ್ಲಿ ಕಾಣದವು ಕೈಸಾಲ, ಚೀಟಿಯ ಬಾಕಿ, ಗೊಬ್ಬರದಂಗಡಿಯ ಉದ್ರಿ, ಮಂಡಿಯ ಮುಂಗಡ. ಇವುಗಳಲ್ಲಿ ಮುಂಗಡವನ್ನು ಸಾಲವೆಂದು ಯಾರೂ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಫಸಲು ಚೇಣಿಗೆ (ಗುತ್ತಿಗೆಗೆ) ಕೊಟ್ಟು ಚೇಣಿದಾರನಿಂದ ಹಣ ಪಡೆದಿದ್ದರೆ ಅದನ್ನೂ ಹೇಳಬೇಕು, ಏಕೆಂದರೆ ಆ ಫಸಲಿನ ಮೇಲೆ ಈಗ ಅವನ ಹಕ್ಕೂ ಇದೆ.

ಬೇರೆಯವರ ಸಾಲಕ್ಕೆ ನಿಂತ ಜಾಮೀನನ್ನೂ ಬಿಡುವಂತಿಲ್ಲ. ನಮ್ಮ ಸಹಕಾರ ಸಂಘಗಳಲ್ಲಿ ‘ನನಗೆ ನೀನು, ನಿನಗೆ ನಾನು’ ಎಂದು ಪರಸ್ಪರ ಜಾಮೀನು ಹಾಕುವುದು ವಾಡಿಕೆ. ಅವರು ಕಂತು ಕಟ್ಟುತ್ತಿದ್ದರೂ ಅದು ನಾಳೆ ತಲೆ ಮೇಲೆ ಬರಬಹುದಾದ ಹೊಣೆ, ಪಟ್ಟಿಗೆ ಸೇರಬೇಕು. ಗುಂಪು ಸಾಲದ ಜಂಟಿ ಹೊಣೆಯೂ ಅಷ್ಟೇ. ಇಲ್ಲೇ ಇನ್ನೊಂದು ಮಾತು ಹೇಳಬೇಕು, ಇದು ಹಲವು ಮನೆಗಳ ನೆಮ್ಮದಿಯ ಪ್ರಶ್ನೆ: ದಿವಾಳಿಯಾದವನಿಗೆ ಋಣಮುಕ್ತಿ ಸಿಕ್ಕರೂ ಅವನ ಜಾಮೀನುದಾರನಿಗೆ ಸಿಗುವುದಿಲ್ಲ. ಬ್ಯಾಂಕು ನೇರವಾಗಿ ಜಾಮೀನುದಾರನ ಬಾಗಿಲಿಗೆ ಹೋಗುತ್ತದೆ. ಅರ್ಜಿ ಹಾಕುವ ಮುಂಚೆ ಅವರನ್ನು ಕೂರಿಸಿ ಹೇಳುವುದು ಸಾಲಗಾರನ ಕರ್ತವ್ಯ. ಅವರು ಬ್ಯಾಂಕಿನ ಜೊತೆ ಬೇರೆ ಮಾತುಕತೆ ಮಾಡಿಕೊಳ್ಳಲಿಕ್ಕಾದರೂ ಸಮಯ ಸಿಗುತ್ತದೆ.

ಆಸ್ತಿಯ ಪಟ್ಟಿಯಲ್ಲಿ ಮಲೆನಾಡಿನವರು ತಪ್ಪುವುದು ಪೌತಿ ಖಾತೆ ಆಗದ ಜಮೀನಿನಲ್ಲಿ. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿದೆ, ಹಾಗಾಗಿ ನನಗೆ ಆಸ್ತಿ ಇಲ್ಲ ಎಂದು ಬರೆಸುತ್ತಾರೆ. ಖಾತೆ ಬದಲಾಗದಿದ್ದರೂ ಅಜ್ಜ, ಅಪ್ಪ ತೀರಿಕೊಂಡ ಮೇಲೆ ಪಾಲು ಬಂದಿದೆ. ಅವಿಭಕ್ತ ಕುಟುಂಬದ ಸ್ವತ್ತಿನಲ್ಲಿ ಎಷ್ಟನೇ ಒಂದು ಪಾಲು ಎಂದು, ಅಕ್ಕತಂಗಿಯರನ್ನೂ ಲೆಕ್ಕಕ್ಕೆ ಹಿಡಿದು, ಸರ್ವೆ ನಂಬರ್ ಸಮೇತ ಬರೆಯಬೇಕು. ಪಹಣಿಯ 11ನೇ ಕಾಲಂನಲ್ಲಿ ನಮೂದಾಗಿರುವ ಬ್ಯಾಂಕು, ಸಂಘಗಳ ಋಣವನ್ನು ಸಾಲದ ಪಟ್ಟಿಯೊಂದಿಗೆ ಒಂದೊಂದಾಗಿ ತಾಳೆ ನೋಡಬೇಕು. ತೀರಿದ ಸಾಲದ ನಮೂದು ಅಲ್ಲೇ ಉಳಿದಿದ್ದರೆ ಮೊದಲು ಋಣಮುಕ್ತ ಪತ್ರ ಕೊಟ್ಟು ತೆಗೆಸಿ. ಗಿರವಿ ಇಟ್ಟ ಚಿನ್ನ, ಸಂಘದ ಷೇರು ಹಣ, ಬರಬೇಕಾದ ಬೆಳೆ ವಿಮೆ, ಬೇರೆಯವರಿಂದ ತನಗೆ ಬರಬೇಕಾದ ಬಾಕಿ ಎಲ್ಲವೂ ಆಸ್ತಿಯೇ. ಹೆಂಡತಿಯ ತವರಿನ ಒಡವೆ ಗಂಡನ ಆಸ್ತಿಯಲ್ಲ, ಆದರೆ ಅದನ್ನು ಗಂಡನ ಹೆಸರಿನಲ್ಲಿ ಗಿರವಿ ಇಟ್ಟಿದ್ದರೆ ಯಾರದೆಂದು ಅರ್ಜಿಯಲ್ಲೇ ಸ್ಪಷ್ಟಪಡಿಸಬೇಕು.

ಅರ್ಜಿ ಸಲ್ಲಿಸಿದ ದಿನವೇ ಎಲ್ಲ ನಿಂತುಹೋಗುತ್ತದೆ ಎಂಬ ನಂಬಿಕೆಯೂ ತಪ್ಪು. ಸಾಲ ಕೊಟ್ಟವರ ಕೈ ಕಟ್ಟುವುದು ಘೋಷಣೆಯಾದ ಮೇಲೆ. ಅದಕ್ಕೂ ಮುಂಚೆ ಜಪ್ತಿಯಾದ ಜಮೀನಿನ ಹರಾಜು ಹತ್ತಿರ ಬಂದಿದ್ದರೆ, ದಿವಾಳಿ ಅರ್ಜಿ ದಾಖಲಾಗಿ ಅಂಗೀಕಾರವಾದ ಆದೇಶದ ದೃಢೀಕೃತ ನಕಲನ್ನು ಅಮಲ್ಜಾರಿ ನ್ಯಾಯಾಲಯಕ್ಕೆ (ಡಿಕ್ರಿಯನ್ನು ಜಾರಿ ಮಾಡುತ್ತಿರುವ ನ್ಯಾಯಾಲಯಕ್ಕೆ) ಕೊಟ್ಟು, ಸ್ವತ್ತನ್ನು ರಿಸೀವರ್‌ಗೆ ಒಪ್ಪಿಸುವಂತೆ 52ನೇ ಕಲಮಿನಲ್ಲಿ ಕೇಳಬೇಕು. ಹರಾಜು ಮುಗಿದ ಮೇಲೆ ಕೊಟ್ಟರೆ ಉಪಯೋಗವಿಲ್ಲ. ಒಂದು ನ್ಯಾಯಾಲಯದಲ್ಲಿ ನಡೆಯುವುದು ಪಕ್ಕದ ನ್ಯಾಯಾಲಯಕ್ಕೆ ತಾನಾಗಿ ಗೊತ್ತಾಗುವುದಿಲ್ಲ. ಡಿಕ್ರಿಯ ಮೇಲೆ ಬಂಧನವಾದವರಿಗೆ ಬೇರೆ ಅವಕಾಶ ಇದೆ: ಒಂದು ತಿಂಗಳೊಳಗೆ ದಿವಾಳಿ ಅರ್ಜಿ ಹಾಕುತ್ತೇನೆ ಎಂದು ಭದ್ರತೆ ಕೊಟ್ಟರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 55ನೇ ಕಲಮಿನಲ್ಲಿ ಬಿಡುಗಡೆ ಸಿಗುತ್ತದೆ. ಹೆಂಗಸರನ್ನು ಹಣದ ಡಿಕ್ರಿಗಾಗಿ ಬಂಧಿಸುವಂತೆಯೇ ಇಲ್ಲ. ಕೊಡುವ ಶಕ್ತಿ ನಿಜವಾಗಿಯೂ ಇಲ್ಲದವನನ್ನು ಬರೀ ಸಾಲಕ್ಕಾಗಿ ಸಿವಿಲ್ ಜೈಲಿಗೆ ಕಳಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿದೆ. ಬಂಧನದ ಭಯ ಒಂದಕ್ಕೇ ದಿವಾಳಿ ಅರ್ಜಿಗೆ ಓಡುವವರು ಇದನ್ನು ತಿಳಿದಿರಬೇಕು.

ಚೆಕ್ ಬೌನ್ಸ್ ಕೇಸು ಈ ಅರ್ಜಿಯಿಂದ ನಿಲ್ಲುವುದಿಲ್ಲ, ಅದು ಕ್ರಿಮಿನಲ್ ಪ್ರಕರಣ. ಸಾಲ ತೆಗೆಯುವಾಗ ಕೊಟ್ಟ ಖಾಲಿ ಚೆಕ್ಕುಗಳ ನಂಬರ್ ಬರೆದಿಟ್ಟುಕೊಳ್ಳಿ, ನೋಟಿಸ್ ಬಂದರೆ ಕೈಸೇರಿದ ದಿನದಿಂದ 15 ದಿನದ ಗಡುವು ಮರೆಯಬೇಡಿ, ಉತ್ತರ ಕೊಡದೆ ಸುಮ್ಮನಿರಬೇಡಿ. ಸರ್ಕಾರದ ಬಾಕಿ, ವಂಚನೆಯಿಂದ ಮಾಡಿದ ಸಾಲ, ಹೆಂಡತಿ ಮಕ್ಕಳ ಜೀವನಾಂಶ ಇವು ಋಣಮುಕ್ತಿಯ ನಂತರವೂ ಉಳಿಯುತ್ತವೆ. ವಸೂಲಿಗಾರರ ಕಾಟಕ್ಕೂ ದಿವಾಳಿ ಔಷಧವಲ್ಲ. ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ವಸೂಲಿಯ ಕರೆ ಮಾಡಬಾರದು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ನೋಂದಣಿ ಇಲ್ಲದೆ ಸಾಲ ಕೊಟ್ಟು ಪೀಡಿಸುವವರ ಮೇಲೆ 2025ರ ಕಿರು ಸಾಲ ಕಾಯ್ದೆಯಲ್ಲಿ ಪೊಲೀಸರಿಗೆ ದೂರು ಕೊಡಬಹುದು.

ಕೊನೆಯದಾಗಿ ಋಣಮುಕ್ತಿ. ನಮ್ಮ ದೃಷ್ಟಿಯಲ್ಲಿ ಅತ್ಯಂತ ನೋವಿನ ತಪ್ಪು ಆಗುವುದು ಇಲ್ಲಿ, ಏಕೆಂದರೆ ಎಲ್ಲ ಸರಿಯಾಗಿ ಮಾಡಿದವರೂ ಇಲ್ಲಿ ಕಳೆದುಕೊಳ್ಳುತ್ತಾರೆ. ದಿವಾಳಿ ಘೋಷಣೆಯೇ ಸಾಲಮುಕ್ತಿ ಅಲ್ಲ. ಘೋಷಣೆಯ ಆದೇಶದಲ್ಲೇ, ಇಷ್ಟು ಅವಧಿಯೊಳಗೆ ಋಣಮುಕ್ತಿಗೆ ಅರ್ಜಿ ಹಾಕಬೇಕು ಎಂದು ನ್ಯಾಯಾಲಯ ಬರೆದಿರುತ್ತದೆ. ‘ಕೇಸು ಗೆದ್ದೆವು’ ಎಂದು ಊರಿಗೆ ಹೋದವರು ಆ ಸಾಲನ್ನು ಓದಿರುವುದಿಲ್ಲ. ಅವಧಿ ಮೀರಿದರೆ 43ನೇ ಕಲಮಿನಲ್ಲಿ ಘೋಷಣೆಯೇ ರದ್ದಾಗುತ್ತದೆ, ಸಾಲಗಳು ಮತ್ತೆ ಜೀವ ಪಡೆಯುತ್ತವೆ, ನ್ಯಾಯಾಲಯದ ಅನುಮತಿ ಇಲ್ಲದೆ ಮತ್ತೊಂದು ಅರ್ಜಿಯನ್ನೂ ಹಾಕಲಾಗದು. ತಕ್ಕ ಕಾರಣವಿದ್ದರೆ ಅವಧಿ ವಿಸ್ತರಣೆ ಕೇಳಬಹುದು, ಮುಗಿಯುವ ಮುಂಚೆಯೇ ಕೇಳುವುದು ಕ್ಷೇಮ.

ಋಣಮುಕ್ತಿಯ ವಿಚಾರಣೆಯಲ್ಲಿ ನೋಡುವುದು ಸಾಲಗಾರನ ನಡತೆಯನ್ನು. ಭದ್ರತೆ ಇಲ್ಲದ ಸಾಲಗಳಿಗೆ ರೂಪಾಯಿಗೆ ಎಂಟಾಣೆಯಷ್ಟಾದರೂ ಆಸ್ತಿ ಇಲ್ಲದಿದ್ದರೆ ಪೂರ್ತಿ ಋಣಮುಕ್ತಿ ಕೊಡಬಾರದು ಎನ್ನುತ್ತದೆ 42ನೇ ಕಲಂ, ಆ ಸ್ಥಿತಿ ತನ್ನ ತಪ್ಪಿನಿಂದ ಬಂದದ್ದಲ್ಲ ಎಂದು ತೋರಿಸಿದರೆ ಮಾತ್ರ ವಿನಾಯಿತಿ. ಕೊಳೆರೋಗದಿಂದ ಉದುರಿದ ಫಸಲು, ಎಲೆಚುಕ್ಕೆಯಿಂದ ಒಣಗಿದ ತೋಟ, ಆಸ್ಪತ್ರೆಯ ಖರ್ಚು ಇವೆಲ್ಲ ಇಲ್ಲಿ ಲೆಕ್ಕಕ್ಕೆ ಬರುತ್ತವೆ, ಆದರೆ ಕಾಗದದಲ್ಲಿ ಬರಬೇಕು. ತೋಟಗಾರಿಕೆ ಇಲಾಖೆಯ ಹಾನಿ ವರದಿ, ಬೆಳೆ ವಿಮೆಯ ದಾಖಲೆ, ವರ್ಷವಾರು ಮಂಡಿ ಪಟ್ಟಿ, ಆಸ್ಪತ್ರೆಯ ಬಿಲ್ಲು ಎಲ್ಲ ಒಂದು ಕಡೆ ಇಡಿ. ವ್ಯಾಪಾರಸ್ಥರು ಹಿಂದಿನ ಮೂರು ವರ್ಷದ ಲೆಕ್ಕದ ಪುಸ್ತಕ ತೋರಿಸಲಾಗದಿದ್ದರೆ ಅದೇ ಅವರ ವಿರುದ್ಧ ನಿಲ್ಲುತ್ತದೆ. ಜೂಜು, ಅತಿಯಾದ ದುಂದು, ತೀರಿಸಲಾಗದು ಎಂದು ಗೊತ್ತಿದ್ದೂ ಮಾಡಿದ ಹೊಸ ಸಾಲ ಇವೂ ಅಡ್ಡಿಯೇ. ಹೀಗೆ ಅಡ್ಡಿ ಬಂದಾಗ ಎಲ್ಲ ಮುಗಿಯಿತು ಎಂದಲ್ಲ, ಮುಂದಿನ ದುಡಿಮೆಯಿಂದ ಇಷ್ಟು ಕಟ್ಟಬೇಕು ಎಂಬ ಷರತ್ತಿನ ಮೇಲೆ ಋಣಮುಕ್ತಿ ಕೊಡಲು ನ್ಯಾಯಾಲಯಕ್ಕೆ ಅಧಿಕಾರ ಇದೆ. ಅದು ಸಿಗುವವರೆಗೆ, ತಾನು ದಿವಾಳಿಯಾದವನು ಎಂದು ಹೇಳದೆ 50 ರೂಪಾಯಿ ಅಥವಾ ಹೆಚ್ಚಿನ ಸಾಲ ಪಡೆದರೂ ಅಪರಾಧ, ಆರು ತಿಂಗಳವರೆಗೆ ಶಿಕ್ಷೆ ಆಗಬಹುದು. ಸ್ಥಳೀಯ ಸಂಸ್ಥೆಗಳ ಚುನಾಯಿತ ಸ್ಥಾನಕ್ಕೂ ಅರ್ಹತೆ ಇರುವುದಿಲ್ಲ. ಪಂಚಾಯಿತಿ ಸದಸ್ಯರಾಗಿರುವವರು ಇದನ್ನು ಅರ್ಜಿಗೆ ಮುಂಚೆಯೇ ಯೋಚಿಸಬೇಕು.

ಈ ಪತ್ರದ ಮೂಲಕ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಎರಡು ಮನವಿ. ಸಾಲ ಮತ್ತು ಆಸ್ತಿ ಪಟ್ಟಿಯ ಮಾದರಿ ನಮೂನೆಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬ, ಶಿಕಾರಿಪುರ, ಭದ್ರಾವತಿಯ ನ್ಯಾಯಾಲಯಗಳ ಕಾನೂನು ನೆರವು ಕೊಠಡಿಗಳಲ್ಲಿ ಇಡಿಸಲಿ. ದಿವಾಳಿ ಘೋಷಣೆಯಾದ ದಿನ ಸಾಲಗಾರನ ಕೈಗೆ ಕನ್ನಡದ ಒಂದು ಚೀಟಿ ಕೊಡುವ ಏರ್ಪಾಡು ಆಗಲಿ, ಅದರಲ್ಲಿ ಋಣಮುಕ್ತಿ ಅರ್ಜಿಗೆ ಕೊನೆಯ ದಿನಾಂಕ ದಪ್ಪ ಅಕ್ಷರದಲ್ಲಿರಲಿ. ವಕೀಲರಿಗೆ ಕೊಡಲು ಹಣವಿಲ್ಲದವರು 15100ಕ್ಕೆ ಕರೆ ಮಾಡಿದರೆ ಉಚಿತ ಕಾನೂನು ನೆರವಿನ ಮಾಹಿತಿ ಸಿಗುತ್ತದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯೂ ಇಲ್ಲ.

ಇಂತಿ,
ಸಿವಿಲ್ ನ್ಯಾಯಾಲಯಗಳಲ್ಲಿ ಕೆಲಸ ಮಾಡುವ ವಕೀಲರು,
ಶಿವಮೊಗ್ಗ